ಕದಿರಯ್ಯ ಇಲ್ಲವೆಂದ ರಸ್ತೆ

ಮಧುಗಿರಿಯ ಬಸ್ ನಿಲ್ದಾಣದ ಎದುರಿಗೆ ನನ್ನದೊಂದು ಔಷಧಿ ಅಂಗಡಿ ಇದೆ. ಅಂಗಡಿ ನನ್ನದು, ಅದರ ಮುಂದಿನ ಬೇವಿನ ಮರದ ನೆರಳು ಮಾತ್ರ ಟ್ಯಾಕ್ಸಿ ಡ್ರೈವರುಗಳದು. ಯಾರ ಮನೆಯಲ್ಲಿ ಯಾರು ಮಾತು ಬಿಟ್ಟಿದ್ದಾರೆ, ಯಾವ ಊರಿನ ಸಂಬಂಧ ಯಾಕೆ ಮುರಿಯಿತು ಎಲ್ಲವೂ ನನಗೆ ಕೂತಲ್ಲಿಗೇ ಬರುತ್ತದೆ. ಬೇಡವೆಂದರೆ ಕಣ್ಣು ಮುಚ್ಚಬಹುದು, ಕಿವಿ ಮುಚ್ಚಿಕೊಂಡು ವ್ಯಾಪಾರ ಮಾಡಲಾಗುವುದಿಲ್ಲವಲ್ಲ.

ಆ ನೆರಳಿನ ಹಳೆಯ ಗಿರಾಕಿ ಕದಿರಯ್ಯ. ಪಾವಗಡದ ಕಡೆಯವನು, ಆಂಧ್ರದ ಗಡಿಗೆ ಕೂಗಳತೆಯ ಊರು. ಬಿಳಿ ಗಾಡಿಯ ಹಿಂದಿನ ಗಾಜಿನ ಮೇಲೆ ಕದಿರಿ ನರಸಿಂಹಸ್ವಾಮಿಯ ಚಿತ್ರ ಅಂಟಿಸಿದ್ದಾನೆ. ಸಿಟ್ಟು ಬಂದರೆ ತೆಲುಗಿನಲ್ಲಿ ಬೈಯುತ್ತಾನೆ, ಸಿಟ್ಟು ಇಳಿದ ಮೇಲೆ ಕನ್ನಡದಲ್ಲಿ ಕ್ಷಮೆ ಕೇಳುತ್ತಾನೆ. ಒಂದು ಸಲ ಮದುವೆ ದಿಬ್ಬಣದವರು ಗಾಡಿಯಲ್ಲಿ ಮರೆತು ಹೋಗಿದ್ದ ಒಡವೆಯ ಗಂಟನ್ನು ಬಿಚ್ಚಿ ಸಹ ನೋಡದೆ ಕೊರಟಗೆರೆವರೆಗೂ ಓಡಿಸಿಕೊಂಡು ಹೋಗಿ ಕೊಟ್ಟು ಬಂದವನು. ಅವತ್ತಿನಿಂದ ಸ್ಟ್ಯಾಂಡಿನಲ್ಲಿ ಅವನ ಮಾತಿಗೆ ಒಂದು ತೂಕ ಬಂದಿತ್ತು. ಕದಿರಯ್ಯ ಹೇಳಿದ ಅಂದರೆ ಮುಗಿಯಿತು, ಯಾರೂ ಮತ್ತೊಬ್ಬರನ್ನು ಕೇಳುತ್ತಿರಲಿಲ್ಲ. ಈ ಕಥೆಯಲ್ಲಿ ಅವನಿಗೆ ಮುಳುವಾದದ್ದೂ ಆ ತೂಕವೇ.

ಅಂಥ ಗಟ್ಟಿ ಆಸಾಮಿ ಹೋದ ವರ್ಷ ಯುಗಾದಿ ಕಳೆದ ಮೇಲೆ ನನ್ನ ಅಂಗಡಿಗೆ ಗ್ಯಾಸ್ ಮಾತ್ರೆಗೆ ಬರತೊಡಗಿದ. ಎದೆ ಉರಿ, ಹೊಟ್ಟೆಯಲ್ಲಿ ಏನೋ ಕೂತ ಹಾಗೆ ಅಂದ. ಮೊದಲು ಒಂದು ಪಟ್ಟಿ ಕೊಟ್ಟೆ, ಆಮೇಲೆ ಇನ್ನೊಂದು. ಮೂರನೇ ಸಲ ಕೈ ಚಾಚಿದಾಗ, ಡಾಕ್ಟರ ಹತ್ತಿರ ಹೋಗದೆ ಇನ್ನು ಒಂದು ಮಾತ್ರೆಯನ್ನೂ ಕೊಡುವುದಿಲ್ಲ ಅಂತ ಗದರಿದೆ. ಅವನು ಕೈ ಹಿಂದಕ್ಕೆ ತೆಗೆದುಕೊಂಡು, ಅಂಗಡಿಯ ಮೆಟ್ಟಿಲ ಮೇಲೆ ಕೂತು, ರಸ್ತೆ ಕಡೆ ನೋಡುತ್ತ ಹೇಳಿಬಿಟ್ಟ. ಹೇಳಿದ್ದನ್ನೇ ಬರೆಯುತ್ತಿದ್ದೇನೆ, ನಡುನಡುವೆ ನನ್ನದೂ ಸ್ವಲ್ಪ ಬೆರೆತೀತು.

ಅವನಿಗೆ ಒಬ್ಬಳೇ ತಂಗಿ, ಚಿಕ್ಕಹನುಮಕ್ಕ. ಸಿರಾ ತಾಲ್ಲೂಕಿನ ಬರಗೂರಿನ ಆಚೆ ಕಂಬದಹಟ್ಟಿ ಅನ್ನುವ ಸಣ್ಣ ಊರಿಗೆ ಕೊಟ್ಟಿದ್ದಾರೆ. ತಾಯಿ ತೀರಿಕೊಂಡ ಮೇಲೆ ಅವಳಿಗೆ ತವರು ಅಂದರೆ ಈ ಅಣ್ಣ ಮಾತ್ರ. ಗೌರಿ ಹಬ್ಬಕ್ಕೆ ತವರಿನಿಂದ ಮೊರದ ಬಾಗಿನ ಬರಬೇಕು, ಅಣ್ಣನೋ ತಮ್ಮನೋ ಹೊತ್ತು ತರಬೇಕು, ಹೆಣ್ಣುಮಗಳು ಸೆರಗು ಹೊದಿಸಿ ಈಸಿಕೊಳ್ಳಬೇಕು. ಬಂದರೆ ಅವಳಿಗೆ ಆ ಊರಿನಲ್ಲಿ ವರ್ಷವಿಡೀ ತಲೆ ಎತ್ತಿ ಓಡಾಡುವಷ್ಟು ಬಲ. ಆದರೆ ಗೌರಿ ಗಣೇಶ ಬಂದರೆ ಡ್ರೈವರುಗಳಿಗೆ ಬಿಡುವೇ ಇಲ್ಲದಷ್ಟು ಬಾಡಿಗೆ. ಕದಿರಯ್ಯ ಊರಿನವರ ಬಾಗಿನಗಳನ್ನೆಲ್ಲ ಗಾಡಿಯಲ್ಲಿ ಹೇರಿಕೊಂಡು ತಾಲ್ಲೂಕು ತಾಲ್ಲೂಕು ತಿರುಗುತ್ತಿದ್ದ. ಕೊರಟಗೆರೆಯಿಂದ ನನ್ನ ಅಣ್ಣ ನನಗೆ ಬಾಗಿನ ತರುತ್ತಿದ್ದದ್ದೂ ಅವನ ಗಾಡಿಯಲ್ಲೇ. ಸ್ವಂತ ತಂಗಿಗೆ ಮಾತ್ರ ಫೋನಿನಲ್ಲಿ ದುಡ್ಡು ಕಳಿಸಿ, ಸೀರೆ ತಗೋ ಅಂತ ಒಂದು ಮಾತು ಹೇಳಿ ಮುಗಿಸುತ್ತಿದ್ದ.

ಹೀಗೇ ಕೆಲವು ವರ್ಷ ನಡೆಯಿತು. ತಂಗಿ ಒಂದು ದಿನವೂ ದೂರಲಿಲ್ಲ. ಆದರೆ ಒಂದು ಸಲ ಅವನು ಫೋನಿನಲ್ಲಿ ಮಾತಾಡುತ್ತಿದ್ದಾಗ ಹಿಂದಿನಿಂದ ಅವಳ ಓರಗಿತ್ತಿಯ ದನಿ ಕೇಳಿತಂತೆ. “ಏನಮ್ಮೀ, ಈ ಸಲಾನೂ ನಿನ್ನ ತವರು ಫೋನಾಗೇ ಬಂತಾ?” ಚಿಕ್ಕಹನುಮಕ್ಕ ನಕ್ಕು ಮಾತು ಮರೆಸಿದಳು. ಆ ನಗು ಕದಿರಯ್ಯನ ಕಿವಿಯಲ್ಲಿ ಉಳಿಯಿತು.

ಇದು ಇಷ್ಟಿರಲಿ. ಈಗ ಒಂದು ಸಂಸ್ಥೆಯವರ ವಿಷಯಕ್ಕೆ ಬರುತ್ತೇನೆ. ಪಾವಗಡದ ಕಡೆ ಹೋದರೆ ಕಣ್ಣು ಹಾಯುವಷ್ಟು ದೂರ ಸೋಲಾರ್ ಪ್ಯಾನೆಲ್ಲುಗಳು ಬಿಸಿಲು ಕಾಯಿಸುತ್ತ ಮಲಗಿವೆ. ನಮ್ಮ ಕಡೆ ಏನಕ್ಕೆ ಬರ ಬಂದರೂ ಬಿಸಿಲಿಗೆ ಬಂದಿಲ್ಲ. ಅಲ್ಲಿ ಹುಟ್ಟಿದ ಕರೆಂಟು ದೊಡ್ಡ ದೊಡ್ಡ ತಂತಿಗಳಲ್ಲಿ ನಮ್ಮ ತಲೆಯ ಮೇಲೆಯೇ ಹಾದು ಎಲ್ಲಿಗೋ ಹೋಗುತ್ತದೆ. ಕೆಳಗಿನ ಸಣ್ಣ ಹಟ್ಟಿಗಳಲ್ಲಿ ಮಾತ್ರ ದೀಪ ಉರಿಯುವಷ್ಟು ಕರೆಂಟು ಇದ್ದರೆ ಹಿಟ್ಟಿನ ಗಿರಣಿ ತಿರುಗುವಷ್ಟು ಇರುವುದಿಲ್ಲ. ರಾಗಿ ಹಿಟ್ಟಾಗಬೇಕಾದರೆ ಹೆಂಗಸರು ಮೂಟೆ ತಲೆಯ ಮೇಲೆ ಹೊತ್ತು ದೊಡ್ಡ ಊರಿಗೆ ನಡೆಯಬೇಕು, ಅಲ್ಲೂ ಕರೆಂಟು ಹೋಗಿದ್ದರೆ ಕಾದು ಕೂರಬೇಕು. ಇಂಥ ಹಟ್ಟಿಗಳಿಗೆ ಸೋಲಾರಿನಿಂದಲೇ ತಿರುಗುವ ಗಿರಣಿ ಹಾಕಿಸಿಕೊಡುವುದು ಬೆಂಗಳೂರಿನ ಆ ಸಂಸ್ಥೆಯ ಕೆಲಸ. ಹಣ ಒಬ್ಬರದಲ್ಲ. ಒಂದು ಪಾಲು ಹೊರದೇಶದ ಒಂದು ಪ್ರತಿಷ್ಠಾನದ ದಾನ, ಒಂದು ಪಾಲು ಬ್ಯಾಂಕಿನ ಸಾಲ, ಇನ್ನೊಂದು ಪಾಲು ಊರಿನ ಮಹಿಳಾ ಸಂಘದ ಉಳಿತಾಯ, ಜಾಗ ಪಂಚಾಯಿತಿಯದು. ಇದನ್ನು ಅವರು ಸಹಭಾಗಿತ್ವ ಅನ್ನುತ್ತಿದ್ದರು. ಕದಿರಯ್ಯ ‘ನಾಲ್ಕು ಜನ ಹೊರೋದು’ ಅನ್ನುತ್ತಿದ್ದ. ನಮ್ಮ ಕಡೆ ನಾಲ್ಕು ಜನ ಸೇರಿ ಹೊರುವುದು ಏನನ್ನು ಅಂತ ಗೊತ್ತಿದ್ದ ನಾನು ನಗುತ್ತಿದ್ದೆ.

ನಮ್ಮ ಭಾಗದ ಕೆಲಸವನ್ನು ನೋಡಿಕೊಳ್ಳುತ್ತಿದ್ದವಳು ಅನುಷಾ ಅನ್ನುವ ಚುರುಕು ಹುಡುಗಿ. ಯಾವಾಗ ಬಂದರೂ ಅವಳಿಗೆ ಕದಿರಯ್ಯನ ಗಾಡಿಯೇ ಆಗಬೇಕು. ಕದಿರಣ್ಣ ಅಂತ ಬಾಯಿ ತುಂಬ ಕರೆಯುತ್ತಿದ್ದಳು. ಅವಳು ಊರೂರು ತಿರುಗಿ ಕೊನೆಗೆ ಎರಡು ಹಟ್ಟಿಗಳನ್ನು ಆರಿಸಿದ್ದಳು. ಒಂದು ಬಡವನಹಳ್ಳಿಯಿಂದ ಒಳಗೆ ಹೋದರೆ ಸಿಗುವ ಜಾಲಿಕುಂಟೆ. ಇನ್ನೊಂದು, ನೋಡಿ ಹೇಗೆ ಕೂಡಿ ಬರುತ್ತದೆ, ಕಂಬದಹಟ್ಟಿ. ಅಲ್ಲಿಗೆ ಮಾತ್ರ ಬ್ಯಾಂಕಿನವರ ಗಾಡಿಯಲ್ಲಿ ಹೋಗಿ ನೋಡಿ ಬಂದಿದ್ದಳು. ಜಾಲಿಕುಂಟೆಗೆ ಮೊದಲ ಸಲ ಅವಳನ್ನು ಕರೆದುಕೊಂಡು ಹೋದಾಗ ರಸ್ತೆಯ ಎರಡೂ ಬದಿಯಿಂದ ಚಾಚಿದ್ದ ಜಾಲಿಯ ಮುಳ್ಳು ಚುಚ್ಚಿ ಕದಿರಯ್ಯನ ಟೈರು ಪಂಕ್ಚರ್ ಆಗಿತ್ತು. ಅವನು ತೆಲುಗಿನಲ್ಲಿ ಆ ಊರನ್ನೂ ಆ ಜಾಲಿಯನ್ನೂ ಸೇರಿಸಿ ಬೈದದ್ದನ್ನು ಸಂಘದ ಹೆಂಗಸರೆಲ್ಲ ಕೇಳಿಸಿಕೊಂಡಿದ್ದರು. ರಸ್ತೆ ಮಣ್ಣಿನದಾದರೂ ಗಟ್ಟಿಯಾಗಿಯೇ ಇತ್ತು, ಗಾಡಿಗೆ ಬೇರೇನೂ ತೊಂದರೆಯಾಗಿರಲಿಲ್ಲ.

ಅವನು ಮಾತ್ರೆಗೆ ಬರುವ ಹಿಂದಿನ ವರ್ಷ, ಮುಂಗಾರು ಶುರುವಾದ ಹೊಸದರಲ್ಲಿ ಪ್ರತಿಷ್ಠಾನದ ಕಡೆಯಿಂದ ಒಬ್ಬ ಎತ್ತರದ ಬಿಳಿಯ ಮನುಷ್ಯ ಬಂದ. ಅನುಷಾ ಮುಂದೆ ಕೂತಳು, ಅವನು ಮತ್ತು ಬ್ಯಾಂಕಿನ ಪ್ರಭುದೇವ್ ಹಿಂದೆ. ಬೆಳಗ್ಗೆ ಜಾಲಿಕುಂಟೆ, ಮಧ್ಯಾಹ್ನ ಕಂಬದಹಟ್ಟಿ ಅಂತ ಗೊತ್ತಾಗಿತ್ತು. ಡ್ರೈವರಿಗೆ ಇಂಗ್ಲಿಷ್ ಬರುವುದಿಲ್ಲ ಅಂದುಕೊಂಡು ಅವರು ದಾರಿಯುದ್ದಕ್ಕೂ ಧಾರಾಳವಾಗಿ ಮಾತಾಡಿದರು. ಅಷ್ಟು ವರ್ಷ ಅಂಥವರನ್ನು ಕೂರಿಸಿಕೊಂಡು ತಿರುಗಿದವನಿಗೆ ಮಾತಾಡಲು ಬಾರದಿದ್ದರೂ ಕೇಳಲು ಬರುತ್ತಿತ್ತು. ಈ ವರ್ಷ ಇರುವ ಹಣ ಒಂದೇ ಹಳ್ಳಿಗೆ. ಎರಡನ್ನೂ ನೋಡಿ, ಯಾವ ಊರಿನ ಹೆಂಗಸರು ಹೆಚ್ಚು ತಯಾರಾಗಿದ್ದಾರೋ ಆ ಊರಿಗೆ. ಮಿಕ್ಕಿದ್ದಕ್ಕೆ ಮುಂದೆ ಯಾವಾಗಲಾದರೂ ನೋಡೋಣ. ಜಾಲಿಕುಂಟೆಯವರೇ ಹೆಚ್ಚು ತಯಾರಿದ್ದಾರೆ ಅಂತ ಅನುಷಾ ಹೇಳಿದ್ದೂ ಅವನ ಕಿವಿಗೆ ಬಿತ್ತು.

ಬಡವನಹಳ್ಳಿಯಲ್ಲಿ ಟೀಗೆ ನಿಲ್ಲಿಸಿದರು. ಇಲ್ಲಿಂದ ಜಾಲಿಕುಂಟೆಗೆ ಎಷ್ಟು ಹೊತ್ತಾಗುತ್ತೆ ಅಂತ ಅನುಷಾ ಸುಮ್ಮನೆ ಕೇಳಿದಳು.

“ಆ ರಸ್ತೆ ಮೊನ್ನೆ ಮಳೆಗೆ ಹಳ್ಳದಾಗೆ ಕೊಚ್ಕಂಡು ಹೋಗೈತೆ ಕಣಮ್ಮ,” ಅಂದ ಕದಿರಯ್ಯ. “ಗಾಡಿ ಹೋಗಲ್ಲ.”

ಮೊದಲೇ ಯೋಚಿಸಿದ್ದಲ್ಲ, ಬಾಯಿಂದ ತಾನಾಗಿ ಬಂದುಬಿಟ್ಟಿತು ಅನ್ನುತ್ತಾನೆ. ನಾನು ನಂಬುವುದಿಲ್ಲ. ಮಧುಗಿರಿ ದಾಟುವಾಗಲೇ ಆ ಮಾತು ಅವನ ಗಾಡಿ ಹತ್ತಿ ಕೂತಿರಬೇಕು, ಬಡವನಹಳ್ಳಿಯಲ್ಲಿ ಇಳಿಯಿತು ಅಷ್ಟೆ. ತಂಗಿಗೆ ಕೊಡದೇ ಹೋದ ಬಾಗಿನಗಳನ್ನೆಲ್ಲ ಒಟ್ಟಿಗೆ ಕೊಟ್ಟುಬಿಡುತ್ತೇನೆ ಅಂತ ಅವನಿಗೆ ಅನ್ನಿಸಿತಂತೆ. ಅಣ್ಣನೊಬ್ಬ ತಂಗಿಯ ಊರಿಗೆ ಒಂದು ಗಿರಣಿಯನ್ನೇ ಬಾಗಿನವಾಗಿ ಹೊತ್ತು ಹೋದರೆ ಯಾವ ಓರಗಿತ್ತಿ ಬಾಯಿ ತೆಗೆದಾಳು! ಅನುಷಾ ಜಾಲಿಕುಂಟೆಯ ಸಂಘದ ಅಧ್ಯಕ್ಷೆ ರಾಜಲಕ್ಷ್ಮಮ್ಮನಿಗೆ ಫೋನ್ ಮಾಡಿ ನೋಡಿದಳು. ಆ ಊರಿನಲ್ಲಿ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕು, ಸಿಗಲಿಲ್ಲ. ಹೇಳಿದವನು ಕದಿರಯ್ಯನಾದ್ದರಿಂದ ಅಲ್ಲಿದ್ದ ಯಾರನ್ನಾದರೂ ಕೇಳಬೇಕು ಅಂತ ಅವಳಿಗೆ ಹೊಳೆಯಲೇ ಇಲ್ಲ. ಗಾಡಿ ನೇರ ಸಿರಾ ಕಡೆಗೆ ಹೊರಟಿತು.

ಕಂಬದಹಟ್ಟಿಯಲ್ಲಿ ಚಿಕ್ಕಹನುಮಕ್ಕ ಅಣ್ಣಯ್ಯ ಅಂತ ಓಡಿ ಬಂದಳು. ಇದು ನಿಮ್ಮ ತಂಗಿ ಊರಾ ಅಂತ ಅನುಷಾ ನಕ್ಕಳು. ಹೌದು ಅಂದ. ಮುಚ್ಚಿಡುವುದಕ್ಕೆ ಅದರಲ್ಲೇನೂ ಇರಲಿಲ್ಲ, ಮುಚ್ಚಿಡಬೇಕಾದದ್ದು ಬಡವನಹಳ್ಳಿಯಲ್ಲೇ ಆಗಿ ಹೋಗಿತ್ತು. ಮಾರನೆಯ ದಿನ ರಾಜಲಕ್ಷ್ಮಮ್ಮ ಗುಡ್ಡ ಹತ್ತಿ ಫೋನ್ ಮಾಡಿದಾಗ ಅನುಷಾ, ರಸ್ತೆ ಕೊಚ್ಚಿಹೋಗಿದೆ ಅಂತ ಡ್ರೈವರ್ ಹೇಳಿದರಮ್ಮ, ರಸ್ತೆ ಸರಿಯಾದ ಮೇಲೆ ಮತ್ತೆ ನೋಡೋಣ ಅಂದಳಂತೆ. ಡ್ರೈವರಣ್ಣನೇ ಹಂಗಂದ್ರಾ ಅಂತ ರಾಜಲಕ್ಷ್ಮಮ್ಮ ಒಂದು ಸಲ ಕೇಳಿದಳು. ಆಮೇಲೆ, ಆಯ್ತು ಕಣಮ್ಮ ಅಂದು ಫೋನ್ ಇಟ್ಟಳು. ಅನುಷಾ ಇದನ್ನು ಕದಿರಯ್ಯನಿಗೆ ಹೇಳಿದ್ದಳು. ಅಷ್ಟಕ್ಕೇ ಮುಗಿಯಿತು ಅಂತ ಅವನು ಉಸಿರು ಬಿಟ್ಟ.

ಕಂಬದಹಟ್ಟಿಗೆ ಗಿರಣಿ ಮಂಜೂರಾಯಿತು. ಆ ವರ್ಷ ಗೌರಿ ಹಬ್ಬಕ್ಕೆ ಕದಿರಯ್ಯ ಎಲ್ಲ ಬಾಡಿಗೆಗಳನ್ನೂ ಬಿಟ್ಟು, ನನ್ನ ಕೈಯಲ್ಲೇ ಮೊರ ತುಂಬಿಸಿಕೊಂಡು ಹೋದ. ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ಯಾವುದೂ ತಪ್ಪಬಾರದು ಅಂತ ಪಕ್ಕದಲ್ಲೇ ನಿಂತು ನೋಡಿದ. ಕಾರ್ತಿಕದಲ್ಲಿ ಗಿರಣಿ ತಿರುಗಿತು. ಊರಿನವರು ಚಿಕ್ಕಹನುಮಕ್ಕನನ್ನು ಮುಂದೆ ಕೂರಿಸಿ, ಮೊದಲ ಹಿಡಿ ಹಿಟ್ಟನ್ನು ಅವಳ ಸೆರಗಿಗೆ ಹಾಕಿದರಂತೆ. ಇವಳ ಅಣ್ಣ ತಂದ ಮಿಷನ್ನು ಅಂತ ಆ ಓರಗಿತ್ತಿಯೇ ಬಂದವರಿಗೆಲ್ಲ ಹೇಳಿದಳಂತೆ. ಅಂಗಡಿಗೆ ಬಂದು ಇದನ್ನೆಲ್ಲ ಹೇಳುವಾಗ ಅವನ ಕಾಲು ನೆಲದ ಮೇಲೆ ಇರಲಿಲ್ಲ. ನಾನೂ ಖುಷಿಪಟ್ಟೆ, ನನಗೇನು ಗೊತ್ತಿತ್ತು.

ಯುಗಾದಿ ಕಳೆದ ಮೇಲೆ ಒಂದು ದಿನ ಬಾಡಿಗೆ ಇಳಿಸಿ ಬಡವನಹಳ್ಳಿಯಲ್ಲಿ ಟೀ ಕುಡಿಯುತ್ತಿದ್ದ. ಅಲ್ಲಿನ ಗಿರಣಿಯ ಮುಂದೆ ರಾಗಿ ಮೂಟೆ ಇಳಿಸಿಕೊಂಡು ಹೆಂಗಸರು ಕೂತಿದ್ದರು. ಅವರಲ್ಲಿ ಒಬ್ಬಳು ಎದ್ದು ಕುಂಟುತ್ತ ಬಂದು ಗಾಡಿಯ ಹಿಂದಿನ ನರಸಿಂಹಸ್ವಾಮಿಯನ್ನು ನೋಡಿ, ಆಮೇಲೆ ಇವನ ಮುಖ ನೋಡಿದಳು. ಬಲಗಾಲಿಗೆ ಬಟ್ಟೆ ಸುತ್ತಿದ್ದಳು. ಚಪ್ಪಲಿಯ ಮುಂದಿನ ಪಟ್ಟಿಯನ್ನು ಕುಯ್ದು ಕಾಲು ತೂರಿಸಿದ್ದಳು. ಅವಳು ರಾಜಲಕ್ಷ್ಮಮ್ಮ.

“ಡ್ರೈವರಣ್ಣ, ನಿಮ್ಮನ್ನೇ ಹುಡುಕ್ತಿದ್ದೆ ಕಣಣ್ಣ,” ಅಂದಳು. “ರಸ್ತೆ ಮಾಡ್ಕಂಡಿದ್ದೀವಿ. ನೀವೊಂದು ಸಲ ಬಂದು ನೋಡಿ, ಆ ಮೇಡಮ್ಮಿಗೆ ಹೇಳ್ಬುಡಿ. ನಿಮ್ಮ ಮಾತಾದ್ರೆ ಅವ್ರು ಕೇಳ್ತಾರೆ.”

ತಪ್ಪಿಸಿಕೊಳ್ಳಲು ಅವನಿಗೆ ಒಂದು ನೆಪವೂ ಸಿಗಲಿಲ್ಲ. ಅವಳನ್ನೂ ಇನ್ನಿಬ್ಬರನ್ನೂ ಮೂಟೆ ಸಮೇತ ಕೂರಿಸಿಕೊಂಡು ಹೊರಟ. ಎಂದೂ ಕೆಡದಿದ್ದ ಆ ರಸ್ತೆಯನ್ನು ಅವರು ಸರಿ ಮಾಡಿದ್ದರು. ಬೇಸಿಗೆಯಲ್ಲಿ ಹೊಲದ ಕೆಲಸ ಇಲ್ಲದ ಹೊತ್ತಿನಲ್ಲಿ ದಿನಕ್ಕೆ ಮನೆಗೊಂದು ಆಳಿನಂತೆ, ಕೂಲಿಯಿಲ್ಲದ ಮುಯ್ಯಾಳಿನ ಲೆಕ್ಕದಲ್ಲಿ ಬಂದು, ಬದಿಯ ಜಾಲಿಯನ್ನು ಬುಡಸಮೇತ ಕಿತ್ತಿದ್ದರು. ಗುಡ್ಡದಿಂದ ಗರಸು ಮಣ್ಣು ಹೊತ್ತು ತಂದು ಹರಡಿದ್ದರು. ಹಳ್ಳ ದಾಟುವಲ್ಲಿ ಕಲ್ಲು ಜೋಡಿಸಿದ್ದರು. ಅಂಥ ಒಂದು ಕಲ್ಲು ಜಾರಿ ರಾಜಲಕ್ಷ್ಮಮ್ಮನ ಪಾದದ ಮೇಲೆ ಬಿದ್ದಿತ್ತು. ನಾಟಿ ವೈದ್ಯರು ಕಟ್ಟು ಹಾಕಿದ್ದಾರೆ, ಹೋಗುತ್ತೆ ಬಿಡಿ ಅಂತ ಅವಳು ಹಿಂದಿನ ಸೀಟಿನಿಂದ ಹೇಳುತ್ತಿದ್ದಳು. ಪಕ್ಕದವಳು ತನ್ನ ಅಂಗೈಯ ಬೊಬ್ಬೆ ತೋರಿಸಿ ತಮಾಷೆ ಮಾಡಿದಳು. ಕದಿರಯ್ಯ ಕನ್ನಡಿಯಲ್ಲಿ ಹಿಂದಕ್ಕೆ ನೋಡುವುದನ್ನು ಬಿಟ್ಟ.

ಊರ ಬಾಗಿಲಲ್ಲಿ ಗಾಡಿಯನ್ನು ನಿಲ್ಲಿಸಿದರು. ಹೊಸ ರಸ್ತೆಗೆ ಬಂದ ಮೊದಲ ಕಾರು, ಹಾಗೆ ಒಳಗೆ ಬಿಡಬಾರದು ಅಂತ ಒಬ್ಬಳು ಮನೆಗೆ ಓಡಿದಳು. ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿದರು, ಕಾಯಿ ಒಡೆದರು, ಮುಂದಿನ ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟರು. ಬನ್ನಿ ಅಂತ ರಾಜಲಕ್ಷ್ಮಮ್ಮ ಕೈಬೀಸಿದಳು. ಅವನು ಬ್ರೇಕಿನಿಂದ ಕಾಲು ತೆಗೆಯಲಿಲ್ಲ. ಅವರು ಕಾಯುತ್ತಲೇ ಇದ್ದರು. ಕೊನೆಗೆ ಗಾಡಿ ಮುಂದಕ್ಕೆ ಬಿಟ್ಟ. ನಿಂಬೆಹಣ್ಣು ಅಪ್ಪಚ್ಚಿಯಾದ ಸದ್ದು ಗಾಡಿಯೊಳಗೆ ಕೂತವರಿಗೆ ಕೇಳಿಸುವುದಿಲ್ಲ. ಅವನಿಗೆ ಕೇಳಿಸಿತಂತೆ. ಹುರಿದ ಕಡಲೆಕಾಯಿ, ಬೆಲ್ಲ ತಂದು ಮುಂದಿಟ್ಟರು. ಅವನು ಬಾಯಿಗೆ ಹಾಕದೆ ಟವೆಲಿನಲ್ಲಿ ಕಟ್ಟಿಕೊಂಡ. ನನ್ನ ಅಂಗಡಿಯ ಗ್ಯಾಸ್ ಮಾತ್ರೆಗಳ ಲೆಕ್ಕ ಶುರುವಾದದ್ದು ಅವತ್ತಿನಿಂದ.

ಮಧುಗಿರಿಗೆ ಬಂದವನೇ ಅನುಷಾಗೆ ಫೋನ್ ಮಾಡಿ, ಜಾಲಿಕುಂಟೆ ರಸ್ತೆ ಈಗ ಚೆನ್ನಾಗಿದೆ, ದಯವಿಟ್ಟು ಬನ್ನಿ ಅಂದ. ಅವಳಿಗೂ ಸಂತೋಷವಾಯಿತು, ಆದರೆ ಕೈಯಲ್ಲಿ ಹಣ ಇರಲಿಲ್ಲ. ಮೊದಲ ಸಲ ಎಲ್ಲಿ ಚೆನ್ನಾಗಿ ನಡೆದಿದೆಯೋ ಅಲ್ಲಿಗೇ ಎರಡನೇ ಕಂತನ್ನೂ ಕೊಡುವುದು ಅಂತ ಪ್ರತಿಷ್ಠಾನದವರು ತೀರ್ಮಾನಿಸಿದ್ದರು. ಕಂಬದಹಟ್ಟಿಗೆ ಕಡಲೆಕಾಯಿ ಸುಲಿಯುವ ಯಂತ್ರ ಬರುವುದಿತ್ತು. ನಿಮ್ಮ ತಂಗಿಗೆ ಹೇಳಿ ಕದಿರಣ್ಣ ಅಂತ ನಕ್ಕಳು. ಅವನ ಸುಳ್ಳು ಸುಮ್ಮನೆ ಕೂರದೆ ಮರಿ ಹಾಕಿತ್ತು.

ಇಷ್ಟನ್ನು ಕೇಳಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಡವೆಯ ಗಂಟು ಹುಡುಕಿಕೊಂಡು ಹೋಗಿ ಕೊಟ್ಟವನು ಒಂದು ಊರಿನ ಗಿರಣಿಯನ್ನು ಎತ್ತಿಕೊಂಡು ಹೋದೆಯಲ್ಲಯ್ಯ ಅಂದೆ.

“ಆ ಗಂಟು ನನ್ನ ತಂಗೀದಲ್ವಲ್ಲಕ್ಕ,” ಅಂದ. “ಅದಕ್ಕೇ ಆಸೆ ಆಗ್ಲಿಲ್ಲ.”

ಆ ಮಾತಿಗೆ ನನ್ನ ಸಿಟ್ಟು ಅರ್ಧ ಇಳಿಯಿತು. ಮೊದಲು ತಂಗಿಗೆ ಹೇಳು, ಈ ಹೊಟ್ಟೆಗೆ ನನ್ನ ಹತ್ತಿರ ಮಾತ್ರೆ ಇಲ್ಲ ಅಂತ ಕಳಿಸಿದೆ.

ಅವನು ಹೋದಾಗ ಚಿಕ್ಕಹನುಮಕ್ಕ ಗಿರಣಿಯಲ್ಲಿದ್ದಳು. ತಲೆಗೂದಲು, ಹುಬ್ಬು ಎಲ್ಲ ಹಿಟ್ಟಾಗಿತ್ತು. ಗಿರಣಿ ನಿಲ್ಲಿಸಿ ಪೂರ್ತಿ ಕೇಳಿದಳು. ಕೇಳಿ ಮುಗಿದ ಮೇಲೆ, ಆ ಹೆಂಗಸಿನ ಕಾಲು ಈಗ ಹೇಗಿದೆ ಅಂತ ಒಂದೇ ಪ್ರಶ್ನೆ ಕೇಳಿದಳು. ಇನ್ನೂ ಊತ ಇದೆ ಅಂದ. ಅವಳು ಮುಖ ತೊಳೆದುಕೊಂಡು, ಅಣ್ಣನನ್ನು ಮನೆಗೆ ಕರೆದೊಯ್ದು, ಮುದ್ದೆ ಬಡಿಸಿದಳು. ಅವನು ಉಂಡು ಕೈ ತೊಳೆದ ಮೇಲೆ ಎದುರಿಗೆ ಬಂದು ಕೂತಳು.

“ಅಣ್ಣಯ್ಯ, ಬಾಗಿನ ಬರ್ಲಿಲ್ಲ ಅಂತ ನಾನು ಯಾವತ್ತಾನ ಕೇಳಿದ್ನಾ?” ಅಂದಳು ಆಮೇಲೆ. “ಹಬ್ಬದ ದಿನ ಬಸ್ಸು ಬರೋ ಹೊತ್ತಿಗೆ ಬಾಗ್ಲಾಗೆ ನಿಂತ್ಕಂತಿದ್ದೆ. ನೀನು ಬತ್ತೀಯ ಅಂತ ಕಾಯ್ತಿದ್ದೆ ಕಣಣ್ಣ, ಮಿಷನ್ನು ಬತ್ತೈತೆ ಅಂತಲ್ಲ.”

ಸುಲಿಯುವ ಯಂತ್ರದ ವಿಷಯ ಮಾತಾಡಲು ಆಷಾಢದಲ್ಲಿ ಅನುಷಾ ಬರುವುದಿತ್ತು. ಅವತ್ತು ಸಂಘದವರ ಎದುರಿಗೆ ನೀನೇ ಹೇಳಬೇಕು, ನಾನು ಹೇಳುವುದಿಲ್ಲ ಅಂತ ತಂಗಿ ಖಡಾಖಂಡಿತವಾಗಿ ಹೇಳಿ ಕಳಿಸಿದಳು.

ಆ ದಿನ ಅನುಷಾಳನ್ನು ಕರೆದುಕೊಂಡು ಹೋದವನೂ ಅವನೇ. ದಾರಿಯುದ್ದಕ್ಕೂ ಹೇಳಬೇಕು ಅಂದುಕೊಂಡ, ಬಡವನಹಳ್ಳಿ ಬಂತು, ಸಿರಾ ಬಂತು, ಬಾಯಿ ಬರಲಿಲ್ಲ. ಸಂಘದ ಹೆಂಗಸರು ಗಿರಣಿಯ ಕಟ್ಟೆಯ ಮೇಲೆ ಸೇರಿದ್ದರು. ಅವನು ಬಾಗಿಲ ಪಕ್ಕ ಚಪ್ಪಲಿ ಬಿಟ್ಟು ನಿಂತು, ಅವತ್ತು ಜಾಲಿಕುಂಟೆ ರಸ್ತೆ ಕೆಟ್ಟಿರ್ಲಿಲ್ಲ ಕಣಮ್ಮ, ನಾನು ಸುಳ್ಳು ಹೇಳ್ದೆ ಅಂದ. ಅನುಷಾ ಬರೆಯುತ್ತಿದ್ದ ಪೆನ್ನನ್ನು ಹಾಗೇ ಹಿಡಿದುಕೊಂಡು ಅವನನ್ನು ನೋಡಿದಳು. ಅಂದರೆ ನಾವು ಇಷ್ಟು ದಿನ ಬೀಸಿದ್ದು ಕದ್ದ ಮಾಲಿನಲ್ಲಾ ಅಂತ ಓರಗಿತ್ತಿ ಎಲ್ಲರಿಗೂ ಕೇಳುವ ಹಾಗೆ ಅಂದಳು. ಚಿಕ್ಕಹನುಮಕ್ಕ ತಲೆ ತಗ್ಗಿಸಲಿಲ್ಲ. ನಮಗೆ ಬರುವ ಆ ಯಂತ್ರ ಬೇಡ, ಆ ದುಡ್ಡಿನಲ್ಲಿ ಜಾಲಿಕುಂಟೆಗೆ ಗಿರಣಿ ಹಾಕಿಸಿಕೊಡಿ ಅಂದಳು.

ಎಲ್ಲರೂ ಕೂಡಲೇ ಒಪ್ಪಿದರು ಅಂತ ಬರೆದರೆ ನಾನೂ ಕದಿರಯ್ಯನ ಸಾಲಿಗೆ ಸೇರುತ್ತೇನೆ. ದೊಡ್ಡ ಜಗಳವೇ ಆಯಿತು. ಅಣ್ಣ ಮಾಡಿದ ತಪ್ಪಿಗೆ ಇಡೀ ಊರು ಯಾಕೆ ದಂಡ ತೆರಬೇಕು ಅಂತ ಕೆಲವರು ಕೇಳಿದರು, ಅದೂ ನ್ಯಾಯವಾದ ಮಾತೇ. ಕಡಲೆಕಾಯಿ ಸುಲಿದು ಸುಲಿದು ಅವರ ಹೆಬ್ಬೆರಳುಗಳೂ ಸವೆದಿದ್ದವು. ಕೊನೆಗೆ ಆ ಓರಗಿತ್ತಿಯೇ ಎದ್ದು, ರಾಗಿ ಮೂಟೆ ಹೊತ್ತು ನಡೆಯುವುದು ಏನು ಅಂತ ನನ್ನ ಕತ್ತಿಗೆ ಇನ್ನೂ ನೆನಪಿದೆ ಅಂದಮೇಲೆ ಹೆಚ್ಚಿನವರು ಕೈ ಎತ್ತಿದರು. ಅನುಷಾ ಯಾವ ಮಾತೂ ಕೊಡದೆ ಎದ್ದಳು. ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಕೂತಳು. ಇಳಿಯುವಾಗ, ಇನ್ನು ಮೇಲೆ ನಿಮ್ಮ ಮಾತು ನಂಬಿ ನಾನು ಗಾಡಿ ಹತ್ತುವುದು ಹೇಗೆ ಕದಿರಣ್ಣ ಅಂತ ಮಾತ್ರ ಕೇಳಿದಳು. ಅದಾದ ಮೇಲೆ ಆ ಸಂಸ್ಥೆಯವರು ಅವನನ್ನು ಕರೆದಿಲ್ಲ.

ಪ್ರತಿಷ್ಠಾನಕ್ಕೆ ಪತ್ರ ಹೋಯಿತು, ಬ್ಯಾಂಕಿನ ಪ್ರಭುದೇವ್ ಕಾಗದಪತ್ರ ಹೊಸದಾಗಿ ಮಾಡಬೇಕೆಂದು ಗೊಣಗಿದರು, ಪಂಚಾಯಿತಿಯವರು ಜಾಗ ಅಳೆದರು. ಶ್ರಾವಣ ಮುಗಿಯುವ ಹೊತ್ತಿಗೆ ಜಾಲಿಕುಂಟೆಗೆ ಗಿರಣಿ ಮಂಜೂರಾಯಿತು.

ಗೌರಿ ಹಬ್ಬದ ದಿನ ಬೆಳಗ್ಗೆ ಕದಿರಯ್ಯ ಎರಡು ಜೊತೆ ಮೊರ ತಂದು ನನ್ನ ಮುಂದಿಟ್ಟ. ಒಂದನ್ನು ಮೊದಲು ಜಾಲಿಕುಂಟೆಯ ಆ ಅಕ್ಕನಿಗೆ ಕೊಟ್ಟು ಬಾ, ಆಮೇಲೆ ನನ್ನ ಮನೆಗೆ ಬಾ ಅಂತ ಚಿಕ್ಕಹನುಮಕ್ಕ ಅಪ್ಪಣೆ ಮಾಡಿದ್ದಳಂತೆ. ನಾನು ಎರಡನ್ನೂ ತುಂಬಿಕೊಟ್ಟೆ. ಜಾಲಿಕುಂಟೆಯವರಿಗೆ ಇವನ ಸುಳ್ಳಿನ ವಿಷಯವನ್ನು ಅನುಷಾ ಹೇಳಿರಲಿಲ್ಲ. ಅದನ್ನೂ ಇವನೇ ಹೇಳಬೇಕಾಗಿತ್ತು.

ರಾಜಲಕ್ಷ್ಮಮ್ಮ ಅಂಗಳದಲ್ಲೇ ಇದ್ದಳು. ಬಟ್ಟೆ ಬಿಚ್ಚಿದ್ದರೂ ಕಾಲು ಎಳೆದುಕೊಂಡೇ ನಡೆಯುತ್ತಿದ್ದಳು. ಮೊರ ಕೈಯಲ್ಲಿ ಹಿಡಿದುಕೊಂಡೇ ಅವನು ಎಲ್ಲವನ್ನೂ ಹೇಳಿದ, ತಂಗಿಯ ಊರಿನ ವಿಷಯವನ್ನೂ ಬಿಡಲಿಲ್ಲ. ಅವಳ ಮುಖದಲ್ಲಿ ಆಶ್ಚರ್ಯವೇ ಕಾಣಲಿಲ್ಲ.

“ಸುಳ್ಳು ಅಂತ ಗೊತ್ತಿತ್ತು ಕಣಣ್ಣ,” ಅಂದಳು. “ನಾವು ದಿನಾ ಓಡಾಡೋ ರಸ್ತೆ, ಕೊಚ್ಕಂಡು ಹೋಗೈತಾ ಇಲ್ವಾ ನಮಗೆ ತಿಳಿಯಲ್ವಾ? ನಿಜವಾದ ಕಾರಣ ಗೊತ್ತಿರ್ಲಿಲ್ಲ ಅಷ್ಟೆ. ರಸ್ತೆ ಚೆನ್ನಾಗೈತೆ ಅಂತ ಮೇಡಮ್ಮಿಗೆ ಅಂದಿದ್ರೆ ನಿಮ್ಮನ್ನು ಸುಳ್ಳುಗಾರ ಅಂದಂಗಾಗ್ತಿತ್ತು. ನಿಮ್ಮ ಹೊಟ್ಟೆಪಾಡಿಗೆ ಯಾಕೆ ಕಲ್ಲು ಹಾಕೋದು ಅಂತ ಸುಮ್ಕಾದೆ.”

ಅವನು ಮೊರ ಮುಂದೆ ಚಾಚಿದ. ಅವಳು ಕೂಡಲೇ ತೆಗೆದುಕೊಳ್ಳಲಿಲ್ಲ. ತನಗೆ ಅಣ್ಣತಮ್ಮಂದಿರಿಲ್ಲ, ತವರಿನ ಬಾಗಿನ ಬಂದು ಎಷ್ಟೋ ಕಾಲವಾಯಿತು ಅಂದಳು. ಇದು ತಪ್ಪು ತೊಳೆಯಲು ಈ ಒಂದು ವರ್ಷಕ್ಕೆ ತಂದದ್ದಾದರೆ ಬೇಡ, ವಾಪಸು ತಗೊಂಡು ಹೋಗಿ, ಒಂದು ಸಲ ಬಂದು ನಿಂತು ಹೋದರೆ ಬಾರದೇ ಇರುವುದಕ್ಕಿಂತ ಕಷ್ಟ ಅಂದಳು. ವರ್ಷಾ ವರ್ಷಾ ತರುತ್ತೇನೆ ಅಂತ ಅವನು ಹೇಳಿದ ಮೇಲೆ ಸೆರಗು ಹೊದಿಸಿ ಈಸಿಕೊಂಡಳು.

ಗಾಡಿ ತಿರುಗಿಸಿದ ಮೇಲೆ ಅವಳು ಕಿಟಕಿಯ ಹತ್ತಿರ ಬಂದಳು. ಹೇಳಬಾರದು ಅಂದುಕೊಂಡಿದ್ದದ್ದು ಬಾಯಿಗೆ ಬಂದುಬಿಟ್ಟಂತೆ ಇತ್ತು ಅವಳ ಮುಖ.

“ಆ ಬಿಳೀ ಸಾಹೇಬ್ರು ಬರೋ ದಿನ, ಬೆಳಕು ಹರಿಯೋ ಹೊತ್ಗೇ ಹೆಂಗಸ್ರೆಲ್ಲ ಪರಕೆ ಹಿಡ್ಕಂಡು ರಸ್ತೆ ಗುಡಿಸಿದ್ವಿ ಕಣಣ್ಣ, ಇಲ್ಲಿಂದ ಬಡವನಹಳ್ಳಿ ಟಾರು ರೋಡಿನ ತಂಕ. ಹೋದ ಸಲ ನಿಮ್ಮ ಟೈರಿಗೆ ಮುಳ್ಳು ಚುಚ್ಚಿತ್ತಲ್ಲ, ಅದ್ಕೆ. ನೀವು ಬರ್ಲಿಲ್ಲ. ಗುಡಿಸಿದ್ದು ನಿಮಗೆ ಗೊತ್ತಿಲ್ಲ, ಇನ್ನೂ ಮುಳ್ಳಿರ್ತೈತೆ ಅಂತ ಹೆದ್ರಿಕಂಡ್ರಿ ಅಂದ್ಕಂಡ್ವಿ. ಅದಕ್ಕೇ ಆಮೇಲೆ ಬುಡಸಮೇತ ಕಿತ್ತಿದ್ದು.”

ಇಷ್ಟನ್ನೂ ಕದಿರಯ್ಯ ನನಗೆ ಹೇಳಿದ್ದು ಅದೇ ಮೆಟ್ಟಿಲ ಮೇಲೆ ಕೂತು. ತಂಗಿಯ ಮನೆಗೂ ಹೋಗಿ ಬಂದು ಹಬ್ಬದ ಸಂಜೆ ನನ್ನ ಅಂಗಡಿಗೆ ಬಂದಿದ್ದ. ಮಾತ್ರೆ ಬೇಕಾ ಅಂತ ಕೇಳಿದೆ. ಬೇಡ ಅಂತ ತಲೆ ಆಡಿಸಿದ.

“ವಾಪಸು ಬರ್ತಾ ಮೆಲ್ಲಗೆ ಬಂದೆ ಅಕ್ಕ, ಕಣ್ಣು ನೆಲದ ಮೇಲೇ ಇಟ್ಕಂಡು,” ಅಂದ. “ಬಡವನಹಳ್ಳಿ ಮುಟ್ಟೋವರ್ಗೂ ಒಂದೇ ಒಂದು ಮುಳ್ಳು ಸಿಗ್ಲಿಲ್ಲ.”